ಕೊಡಗಿನ ಸರ್ಕಾರಿ ಕಚೇರಿಗಳಲ್ಲಿ ಯಾರಿದ್ದಾರೆ, ಯಾರಿಗೆಷ್ಟು ಸಂಬಳ: ಲೆಕ್ಕ ತೆಗೆಯುವ ಕ್ರಮ

ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯದವರಿಗೂ ಪಾಲು ಸಿಕ್ಕಿದೆಯೇ, ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಸಂಬಳ ಸಿಗುತ್ತಿದೆಯೇ ಎಂದು ಮಡಿಕೇರಿಯಲ್ಲಿಯೋ ಪೊನ್ನಂಪೇಟೆಯಲ್ಲಿಯೋ ಯಾರನ್ನಾದರೂ ಕೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಎರಡೇ: ‘ಮೀಸಲಾತಿ ಇದ್ದೇ ಇದೆಯಲ್ಲ’ ಮತ್ತು ‘ಸ್ಕೇಲು ಎಲ್ಲರಿಗೂ ಒಂದೇ ಅಲ್ಲವೇ’. ಎರಡೂ ನಿಜ. ಆದರೆ ಮೀಸಲಾತಿ ಯಾವ ಹಂತದ ಹುದ್ದೆಯವರೆಗೆ ತಲುಪಿದೆ, ಆ ಒಂದೇ ಸ್ಕೇಲಿನ ಹೊರಗೆ ಅದೇ ಕಚೇರಿಯಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬುದನ್ನು ಈ ಉತ್ತರಗಳು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಲೆಕ್ಕ ತೆಗೆಯಬೇಕು. ಲೆಕ್ಕಕ್ಕೆ ಬೇಕಾದ ಕಾಗದಗಳು ಕಚೇರಿಗಳಲ್ಲಿಯೇ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಕೇಳಿ ಪಡೆಯುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಹಾಡಿಯ (ಬುಡಕಟ್ಟು ಜನರ ವಸತಿಯ) ಯುವಕ ಸಂಘದವರು, ಮಹಿಳಾ ಸಂಘಟನೆಯವರು, ಗ್ರಾಮ ಪಂಚಾಯಿತಿ ಸದಸ್ಯರು, ಕಾಲೇಜಿನ ವಿದ್ಯಾರ್ಥಿಗಳು, ಸ್ಥಳೀಯ ವರದಿಗಾರರು, ನೌಕರರ ಸಂಘದ ಪದಾಧಿಕಾರಿಗಳು ಹೀಗೆ ಯಾರು ಬೇಕಾದರೂ ಒಂದು ತಾಲ್ಲೂಕಿನ ಅಥವಾ ಒಂದು ಇಲಾಖೆಯ ಮಟ್ಟಿಗೆ ಈ ಲೆಕ್ಕವನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗಡಿ ಹಾಕಿಕೊಳ್ಳಿ

ಇಡೀ ಜಿಲ್ಲೆಯ ಎಲ್ಲ ಸರ್ಕಾರಿ ನೌಕರರ ಲೆಕ್ಕ ಒಮ್ಮೆಗೇ ತೆಗೆಯುತ್ತೇವೆ ಎಂದು ಹೊರಡುವುದು ಬೇಡ. ಒಂದು ಇಲಾಖೆಯನ್ನು ಪೂರ್ತಿಯಾಗಿ ನೋಡುವುದು ಹತ್ತು ಇಲಾಖೆಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಹೆಚ್ಚು ಉಪಯುಕ್ತ. ಆರಿಸಿಕೊಂಡ ಇಲಾಖೆಯ ನೌಕರರಿಗೆ ಸಂಬಳ ಯಾರ ಖಜಾನೆಯಿಂದ ಬರುತ್ತದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಕಂದಾಯ, ಶಿಕ್ಷಣ, ಆರೋಗ್ಯ, ಅರಣ್ಯ, ಪಂಚಾಯತ್ ರಾಜ್ ಇಲಾಖೆಗಳವರು ರಾಜ್ಯ ಸರ್ಕಾರದ ವೇತನ ಶ್ರೇಣಿಗೆ ಸೇರಿದವರು. ಅಂಚೆ ಕಚೇರಿ, ಕಾಫಿ ಮಂಡಳಿ ಮೊದಲಾದವು ಕೇಂದ್ರಕ್ಕೆ ಸೇರಿದವು. ಅವುಗಳ ವೇತನ ಆಯೋಗವೂ ಬೇರೆ, ಮೀಸಲಾತಿ ಪ್ರಮಾಣವೂ ಬೇರೆ. ವಿದ್ಯುತ್ ಸರಬರಾಜು ನೋಡಿಕೊಳ್ಳುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಬಸ್ಸು ಓಡಿಸುವ ರಾಜ್ಯ ರಸ್ತೆ ಸಾರಿಗೆ ನಿಗಮ ಇವೆರಡೂ ತಮ್ಮದೇ ವೇತನ ಒಪ್ಪಂದಗಳಿರುವ ನಿಗಮಗಳು. ಮಡಿಕೇರಿ ಘಟಕದ ಚಾಲಕ, ನಿರ್ವಾಹಕರ ಮಾಹಿತಿ ಪುತ್ತೂರು ವಿಭಾಗದಲ್ಲಿರುತ್ತದೆ ಎಂಬುದು ತಿಳಿಯದೆ ಮಡಿಕೇರಿಯಲ್ಲಿ ಅರ್ಜಿ ಹಿಡಿದು ಅಲೆಯುವವರಿದ್ದಾರೆ. ಇವನ್ನೆಲ್ಲ ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಹೊರಬರುವ ಸರಾಸರಿ ಯಾವುದನ್ನೂ ಪ್ರತಿನಿಧಿಸುವುದಿಲ್ಲ.

ತಾಲ್ಲೂಕಿನ ಗಡಿಯ ಬಗ್ಗೆಯೂ ಎಚ್ಚರ ಬೇಕು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಹಳೆಯ ಮೂರು ತಾಲ್ಲೂಕುಗಳ ಜೊತೆಗೆ ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲ್ಲೂಕುಗಳಾಗಿವೆ. ಕಂದಾಯ ಇಲಾಖೆ ಐದು ತಾಲ್ಲೂಕುಗಳ ಲೆಕ್ಕ ಕೊಡುವಾಗ ಬೇರೆ ಕೆಲವು ಇಲಾಖೆಗಳ ದಾಖಲೆ ಇನ್ನೂ ಮೂರರ ವಿಂಗಡಣೆಯಲ್ಲಿಯೇ ಇರಬಹುದು. 2011ರ ಜನಗಣತಿಯ ಅಂಕಿಗಳಂತೂ ಹಳೆಯ ಮೂರು ತಾಲ್ಲೂಕುಗಳವೇ. ಹೋಲಿಸುವ ಎರಡೂ ಅಂಕಿಗಳು ಒಂದೇ ಗಡಿಗೆ ಸೇರಿದವೇ ಎಂದು ನೋಡದೆ ಮುಂದುವರಿಯಬೇಡಿ.

ಯಾವುದಕ್ಕೆ ಹೋಲಿಸಬೇಕು

ಹೋಲಿಕೆಗೆ ಎರಡು ಅಳತೆಗಳು ಬೇಕು: ಕಾನೂನು ನಿಗದಿಪಡಿಸಿದ ಪಾಲು ಮತ್ತು ಜಿಲ್ಲೆಯ ಜನಸಂಖ್ಯೆಯಲ್ಲಿರುವ ಪಾಲು.

ರಾಜ್ಯದ ನೇರ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3 ಎಂಬ ಪ್ರಮಾಣ ಬಹುಕಾಲ ಇತ್ತು, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ಶಿಫಾರಸಿನ ಆಧಾರದಲ್ಲಿ 2022ರಲ್ಲಿ ಅದನ್ನು ಕ್ರಮವಾಗಿ ಶೇ 17 ಮತ್ತು ಶೇ 7ಕ್ಕೆ ಏರಿಸಲಾಯಿತು. ಹಿಂದುಳಿದ ವರ್ಗಗಳಿಗೆ ಒಟ್ಟು ಶೇ 32 ಇದ್ದು, ಅದು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಹಂಚಿಹೋಗಿದೆ. ಈ ಎಲ್ಲ ವರ್ಗಗಳ ಒಳಗೆ ಅಡ್ಡಲಾಗಿ ಹಾಯುವ ಸಮತಲ ಮೀಸಲಾತಿ ಬೇರೆಯಿದೆ: ಮಹಿಳೆಯರಿಗೆ ಶೇ 33, ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಿಂದ ಶೇ 1, ಜೊತೆಗೆ ಅಂಗವಿಕಲರಿಗೆ, ಮಾಜಿ ಸೈನಿಕರಿಗೆ, ಗ್ರಾಮೀಣ ಅಭ್ಯರ್ಥಿಗಳಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಪಾಲುಗಳು. ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದವರು ಮನೆಮನೆಯಲ್ಲಿರುವ ಕೊಡಗಿನಲ್ಲಿ ಮಾಜಿ ಸೈನಿಕರ ಕಾಲಂ ಅನ್ನು ಬಿಟ್ಟು ಲೆಕ್ಕ ಮಾಡುವುದು ಸರಿಯಲ್ಲ.

ಜನಸಂಖ್ಯೆಯ ಅಳತೆಗೆ ಸದ್ಯ ಕೈಯಲ್ಲಿರುವುದು 2011ರ ಜನಗಣತಿ. ಅದರ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ, ಅದರಲ್ಲಿ ಪರಿಶಿಷ್ಟ ಜಾತಿಯವರು ಶೇ 13ಕ್ಕಿಂತ ಸ್ವಲ್ಪ ಹೆಚ್ಚು, ಪರಿಶಿಷ್ಟ ಪಂಗಡದವರು ಶೇ 10ಕ್ಕಿಂತ ಸ್ವಲ್ಪ ಹೆಚ್ಚು. ಇಡೀ ರಾಜ್ಯದಲ್ಲಿ ಈ ಪ್ರಮಾಣ ಸುಮಾರು ಶೇ 17 ಮತ್ತು ಶೇ 7. ಅಂದರೆ ಕೊಡಗಿನಲ್ಲಿ ಪಂಗಡದವರ ಪಾಲು ರಾಜ್ಯದ ಸರಾಸರಿಗಿಂತ ಹೆಚ್ಚು. ಒಂದು ಕಚೇರಿ ಶೇ 7ರ ಗುರಿಯನ್ನು ಸರಿಯಾಗಿ ಮುಟ್ಟಿದ್ದರೂ ಜಿಲ್ಲೆಯ ಜನಸಂಖ್ಯೆಯ ಎದುರಿಗೆ ಹಿಂದೆ ಬಿದ್ದಿರಬಹುದು. ಆದ್ದರಿಂದ ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದಾರೆ ಎಂದೂ ಅದೇ ಗಣತಿ ಹೇಳುತ್ತದೆ. ಮಹಿಳೆಯರ ಶೇ 33 ಎಂಬುದು ನೇರ ನೇಮಕಾತಿಗೆ ಕಾನೂನು ಹಾಕಿದ ಕನಿಷ್ಠ ಮಿತಿ. ‘ಶೇ 33 ದಾಟಿದೆ, ಇನ್ನೇನು ಬೇಕು’ ಎಂಬ ವಾದಕ್ಕೆ ಈ 1,019ರ ಅಂಕಿಯೇ ಉತ್ತರ.

‘ಪರಿಶಿಷ್ಟ ಪಂಗಡ’ ಎಂಬ ಒಂದೇ ಕಾಲಂ ಕೊಡಗಿನ ಮಟ್ಟಿಗೆ ತೀರ ದೊಡ್ಡದು. ಯರವ, ಜೇನುಕುರುಬ, ಬೆಟ್ಟಕುರುಬ, ಕುಡಿಯ ಸಮುದಾಯಗಳು ಇದೇ ಹೆಸರಿನ ಕೆಳಗೆ ಬರುತ್ತವೆ. ಬೇರೆ ಜಿಲ್ಲೆಯಿಂದ ಆಯ್ಕೆಯಾಗಿ ಬಂದ, ಹಾಡಿಯ ಬದುಕಿಗೂ ತಮಗೂ ಸಂಬಂಧವಿಲ್ಲದ ಇತರ ಪಂಗಡಗಳವರೂ ಇದೇ ಹೆಸರಿನ ಕೆಳಗೆ ಬರುತ್ತಾರೆ. ಅವರ ನೌಕರಿ ಅವರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಕಚೇರಿಯಲ್ಲಿ ಪಂಗಡದ ಪಾಲು ಭರ್ತಿಯಾಗಿದ್ದೂ ಹಾಡಿಯಿಂದ ಬಂದ ಒಬ್ಬರೂ ಇಲ್ಲದಿರುವುದು ಸಾಧ್ಯ, ಮತ್ತು ಈ ಲೆಕ್ಕದಿಂದ ಹೊರಬೀಳಬೇಕಾದ ಮುಖ್ಯ ಸಂಗತಿಗಳಲ್ಲಿ ಅದೂ ಒಂದು. ಜೇನುಕುರುಬರು ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಎಂದು ಕೇಂದ್ರ ಸರ್ಕಾರವೇ ಗುರುತಿಸಿದ ಸಮುದಾಯ. ಅವರ ಸಂಖ್ಯೆಯನ್ನು ಪ್ರತ್ಯೇಕವಾಗಿ ಕೇಳಲು ಅಷ್ಟೇ ಕಾರಣ ಸಾಕು.

ಕಾಗದಗಳು ಎಲ್ಲಿವೆ

ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಬಿ) ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿಗಳು ಮತ್ತು ನೌಕರರ ವಿವರಗಳನ್ನೂ ಅವರು ಪಡೆಯುವ ಮಾಸಿಕ ವೇತನವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಆದ್ದರಿಂದ ಅರ್ಜಿ ಬರೆಯುವ ಮೊದಲು ಇಲಾಖೆಯ ಜಾಲತಾಣವನ್ನೂ ಕೊಡಗು ಜಿಲ್ಲೆಯ ಜಾಲತಾಣವನ್ನೂ ನೋಡಿ, ಕಚೇರಿಗೆ ಹೋಗಿ ‘ನಾಲ್ಕು ಒಂದು ಬಿ ಕಡತ ತೋರಿಸಿ’ ಎಂದು ಕೇಳಿ. ಅನೇಕ ಕಡೆ ಅದು ಹಳೆಯದಾಗಿರುತ್ತದೆ, ಆದರೆ ಹುದ್ದೆಗಳ ಹೆಸರುಗಳನ್ನು ತಿಳಿಯಲು ಅದೇ ಮೊದಲ ಮೆಟ್ಟಿಲು.

ಎರಡನೆಯದು ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಹುದ್ದೆಗಳ ತಃಖ್ತೆ, ಅಂದರೆ ಅಂಕಿಗಳ ಪಟ್ಟಿ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೆ ಮೊದಲು ಪ್ರತಿಯೊಂದು ಇಲಾಖೆಯೂ ಇದನ್ನು ಸಿದ್ಧಪಡಿಸುವುದರಿಂದ ‘ಇಲ್ಲ’ ಎನ್ನಲು ಅವಕಾಶ ಕಡಿಮೆ. ಖಾಲಿ ಹುದ್ದೆಗಳ ಕಾಲಂ ಅನ್ನು ಲಘುವಾಗಿ ಕಾಣಬೇಡಿ. ಹುದ್ದೆ ಖಾಲಿ ಉಳಿದಾಗ ಆ ಕೆಲಸವನ್ನು ಬಹಳ ಸಲ ಹೊರಗುತ್ತಿಗೆಯವರು ಮಾಡುತ್ತಿರುತ್ತಾರೆ. ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಸರದಿಯಂತೆ ಗುರುತಿಸುವ ವಹಿಗೆ ರೋಸ್ಟರ್ ಎಂದೂ ಅದರ ಒಂದೊಂದು ಸ್ಥಾನಕ್ಕೆ ಬಿಂದು ಎಂದೂ ಹೆಸರು. ಖಾಲಿ ಉಳಿದದ್ದು ಮೀಸಲು ಬಿಂದುವಾಗಿದ್ದರೆ ಅದು ಬ್ಯಾಕ್‌ಲಾಗ್, ಅಂದರೆ ತುಂಬದೆ ಬಾಕಿ ಉಳಿದ ಮೀಸಲು ಹುದ್ದೆ.

ಮೂರನೆಯದು ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಜ್ಯೇಷ್ಠತಾ ಪಟ್ಟಿ. ಬಡ್ತಿಗೆ ಆಧಾರವಾಗಿರುವ ಈ ಪಟ್ಟಿಯನ್ನು ಆಕ್ಷೇಪಣೆಗಾಗಿ ಪ್ರಕಟಿಸಲೇಬೇಕಾಗಿರುವುದರಿಂದ ಇದು ಮುಚ್ಚಿಟ್ಟ ದಾಖಲೆಯಲ್ಲ. ಒಂದು ಪುಟವನ್ನು ಹತ್ತಿರದಿಂದ ನೋಡಿ: ಕ್ರಮ ಸಂಖ್ಯೆ, ಹೆಸರು, ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಈಗಿನ ವೃಂದಕ್ಕೆ (ಒಂದೇ ಬಗೆಯ ಹುದ್ದೆಗಳ ಗುಂಪಿಗೆ) ಬಂದ ದಿನಾಂಕ, ನೇರ ನೇಮಕಾತಿಯೋ ಬಡ್ತಿಯೋ ಅನುಕಂಪದ ನೇಮಕಾತಿಯೋ ಎಂಬ ವಿವರ, ಮತ್ತು ಪ್ರವರ್ಗ. ಈ ಕೊನೆಯ ಕಾಲಂನಲ್ಲಿ ‘ಸಾ.ಅ.’, ‘2ಎ’, ‘3ಎ’, ‘ಪ.ಜಾ.’, ‘ಪ.ಪಂ.’ ಎಂದು ಬರೆದಿರುತ್ತದೆ. ಇಲ್ಲಿ ನಿಂತು ಯೋಚಿಸಬೇಕು. ‘ಸಾ.ಅ.’ ಎಂದರೆ ಸಾಮಾನ್ಯ ಅರ್ಹತೆಯ ಬಿಂದುವಿನಲ್ಲಿ ಆಯ್ಕೆಯಾದವರು ಎಂದಷ್ಟೇ ಅರ್ಥ. ಆ ವ್ಯಕ್ತಿ ಯಾವ ಸಮುದಾಯಕ್ಕೆ ಸೇರಿದವರು ಎಂಬುದನ್ನು ಅದು ಹೇಳುವುದಿಲ್ಲ. ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳು ತನ್ನ ಅಂಕಗಳ ಬಲದಿಂದಲೇ ಸಾಮಾನ್ಯ ಪಟ್ಟಿಯಲ್ಲಿ ಆಯ್ಕೆಯಾಗಿದ್ದರೆ ರೋಸ್ಟರಿನಲ್ಲಿ ಆಕೆ ‘ಸಾ.ಅ.’, ಪ್ರಾತಿನಿಧ್ಯದ ಲೆಕ್ಕದಲ್ಲಿ ‘ಪ.ಜಾ.’. ಆದ್ದರಿಂದ ‘ಆಯ್ಕೆಯಾದ ಬಿಂದು’ ಮತ್ತು ‘ನೌಕರರ ಸ್ವಂತ ಪ್ರವರ್ಗ’ ಎಂದು ಎರಡು ಕಾಲಂಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ ಮತ್ತು ಬೇರೆಯಾಗಿಯೇ ಕೇಳಿ. ಇವೆರಡನ್ನು ಬೆರೆಸಿದ ಲೆಕ್ಕವನ್ನು ಯಾವ ಅನುಭವಿ ಶಿರಸ್ತೇದಾರರೂ ಒಂದೇ ನೋಟಕ್ಕೆ ತಳ್ಳಿಹಾಕಬಲ್ಲರು.

ವೇತನದ ದಾಖಲೆ ನೌಕರರ ಸೇವೆ, ಸಂಬಳದ ವಿವರಗಳಿರುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಸಿದ್ಧವಾಗುವ ವೇತನ ಬಿಲ್ಲಿನಲ್ಲಿರುತ್ತದೆ. ಬಿಲ್ಲನ್ನು ತಯಾರಿಸುವವರು ಆಯಾ ಕಚೇರಿಯ ಹಣ ಸೆಳೆಯುವ ಮತ್ತು ಬಟವಾಡೆ ಅಧಿಕಾರಿ, ಅಂದರೆ ಎಲ್ಲರೂ ಡಿಡಿಒ ಎಂದು ಕರೆಯುವವರು. ಪಾವತಿಯಾಗುವುದು ಖಜಾನೆಯ ಮೂಲಕ. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಇತರ ಭತ್ಯೆಗಳು ಒಂದು ಕಡೆ, ಕೆಜಿಐಡಿ (ಸರ್ಕಾರಿ ವಿಮೆ), ಎನ್‌ಪಿಎಸ್ (ಪಿಂಚಣಿ ವಂತಿಗೆ), ವೃತ್ತಿ ತೆರಿಗೆ, ಸಾಲದ ಕಂತು ಮುಂತಾದ ಕಡಿತಗಳು ಇನ್ನೊಂದು ಕಡೆ. ಹೋಲಿಕೆಗೆ ಬೇಕಾಗುವುದು ಕಡಿತಕ್ಕೆ ಮುಂಚಿನ ಒಟ್ಟು ವೇತನ ಮತ್ತು ಮೂಲ ವೇತನ. ಕೈಗೆ ಬರುವ ಮೊತ್ತ ಬೇಡ. ಒಬ್ಬರು ಮನೆ ಸಾಲ ತೀರಿಸುತ್ತಿದ್ದಾರೆ ಎಂಬ ಕಾರಣಕ್ಕೆ ಅವರ ಸಂಬಳ ಕಡಿಮೆಯಾಗುವುದಿಲ್ಲ, ಮತ್ತು ಆ ಸಾಲದ ವಿವರ ಬೇರೆಯವರಿಗೆ ಸೇರಿದ್ದೂ ಅಲ್ಲ.

ಅರ್ಜಿ ಬರೆಯುವ ಬಗೆ

ಹೆಸರು ಹಿಡಿದು ಕೇಳಬೇಡಿ, ಸಂಖ್ಯೆಗಳನ್ನು ಕೇಳಿ. ನೌಕರರೊಬ್ಬರ ಸೇವಾ ವಿವರಗಳು ವೈಯಕ್ತಿಕ ಮಾಹಿತಿ ಎಂದು ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಅನ್ನು ತಿದ್ದಿ ಈ ವಿನಾಯಿತಿಯನ್ನು ಇನ್ನಷ್ಟು ವಿಸ್ತರಿಸಿದೆ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದು ಎಂಬ ಕಲಂ 8(2) ಉಳಿದಿದೆಯಾದರೂ, ವೃಂದವಾರು ಒಟ್ಟು ಅಂಕಿಗಳನ್ನು ಕೇಳಿದರೆ ಆ ವಾದವೇ ಬೇಕಾಗುವುದಿಲ್ಲ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ದಾಖಲೆ ತೋರಿಸಿದರೆ ಶುಲ್ಕವಿಲ್ಲ. ಅರ್ಜಿಯ ಒಡಲು ಹೀಗಿರಬಹುದು:

‘ತಮ್ಮ ಕಚೇರಿ ಹಾಗೂ ಅಧೀನ ಕಚೇರಿಗಳಲ್ಲಿ ಕಳೆದ ಸೆಪ್ಟೆಂಬರ್ 30ರಂದು ಇದ್ದಂತೆ, ಪ್ರತಿಯೊಂದು ವೃಂದಕ್ಕೆ ಪ್ರತ್ಯೇಕವಾಗಿ, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ಸಂಖ್ಯೆ, ಭರ್ತಿಯಾದ ಹುದ್ದೆಗಳಲ್ಲಿ ಮಹಿಳೆ, ಪುರುಷ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಸಂಖ್ಯೆ, ಆಯ್ಕೆಯಾದ ರೋಸ್ಟರ್ ಬಿಂದುವಿನ ಪ್ರಕಾರ ಮತ್ತು ಸ್ವಂತ ಪ್ರವರ್ಗದ ಪ್ರಕಾರ ಪ್ರತ್ಯೇಕ ಸಂಖ್ಯೆಗಳು, ಅದೇ ತಿಂಗಳಲ್ಲಿ ಪ್ರತಿ ವೃಂದದ ಮಹಿಳಾ ಮತ್ತು ಪುರುಷ ನೌಕರರಿಗೆ ಪಾವತಿಯಾದ ಒಟ್ಟು ಮೂಲ ವೇತನ ಹಾಗೂ ಒಟ್ಟು ಭತ್ಯೆಗಳು, ನಿಯೋಜನೆಯ ಮೇಲೆ ಹೊರಗಿರುವ ಮತ್ತು ಹೊರಗಿನಿಂದ ಬಂದಿರುವ ನೌಕರರ ಸಂಖ್ಯೆ. ಯಾವುದೇ ನೌಕರರ ಹೆಸರು, ವಿಳಾಸ ಅಥವಾ ಇತರ ವೈಯಕ್ತಿಕ ವಿವರಗಳನ್ನು ಕೋರಿರುವುದಿಲ್ಲ.’

ಹೊರಗುತ್ತಿಗೆ, ಗುತ್ತಿಗೆ, ದಿನಗೂಲಿ ಮತ್ತು ಗೌರವಧನದ ಮೇಲೆ ದುಡಿಯುವವರಿಗಾಗಿ ಎರಡನೆಯ ಅರ್ಜಿ ಪ್ರತ್ಯೇಕವಾಗಿರಲಿ: ಎಷ್ಟು ಜನ, ಯಾವ ಕೆಲಸ, ಮಹಿಳೆಯರೆಷ್ಟು, ಏಜೆನ್ಸಿಗೆ ಪ್ರತಿ ತಲೆಗೆ ಪಾವತಿಸಿದ ಮೊತ್ತವೆಷ್ಟು, ಅದರಲ್ಲಿ ಕಾರ್ಮಿಕರ ವೇತನ, ಭವಿಷ್ಯ ನಿಧಿ, ಇಎಸ್‌ಐ, ಸೇವಾ ಶುಲ್ಕ ಎಷ್ಟೆಷ್ಟು. ‘ಆ ಮಾಹಿತಿ ಏಜೆನ್ಸಿಯ ಬಳಿ ಇದೆ, ನಮ್ಮಲ್ಲಿಲ್ಲ’ ಎಂಬ ಉತ್ತರ ಬರುವುದು ಸಾಮಾನ್ಯ. ಸರ್ಕಾರಿ ಕಚೇರಿಯು ಬೇರೊಂದು ಕಾನೂನಿನಡಿ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಕಲಂ 2(ಎಫ್) ಪ್ರಕಾರ ಮಾಹಿತಿಯೇ. ಅಲ್ಲದೆ ಬಿಲ್ಲು ಪಾಸು ಮಾಡಿದ್ದು ಕಚೇರಿಯೇ ಆದ್ದರಿಂದ ಬಿಲ್ಲಿನ ಪ್ರತಿ ಅಲ್ಲಿಯೇ ಇರುತ್ತದೆ.

ಅರ್ಜಿ ತಪ್ಪು ಕಚೇರಿಗೆ ಹೋದರೆ ಕಲಂ 6(3)ರಂತೆ ಅವರೇ ಐದು ದಿನಗಳೊಳಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಂದ ಮುಂದೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಮಾಹಿತಿಯನ್ನು ಕ್ರೋಡೀಕರಿಸಲು ಸಿಬ್ಬಂದಿ ಇಲ್ಲ ಎಂದು ಬರೆದು ಕೊಟ್ಟರೆ ಜಗಳಕ್ಕಿಳಿಯದೆ ಕಡತ ಪರಿಶೀಲನೆಗೆ ಅವಕಾಶ ಕೇಳಿ, ರೋಸ್ಟರ್ ವಹಿ ಮತ್ತು ಜ್ಯೇಷ್ಠತಾ ಪಟ್ಟಿಯ ಮುಂದೆ ಕುಳಿತು ನೀವೇ ಎಣಿಸಿ. ಹಾಗೆ ಎಣಿಸಿದ ಲೆಕ್ಕ ಕಚೇರಿ ಕೊಡುವ ತಃಖ್ತೆಗಿಂತ ನಂಬಲರ್ಹವಾಗಿರುವುದುಂಟು.

ಸಂಬಳವನ್ನು ಓದುವುದು

ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ವೇತನ ಪರಿಷ್ಕರಣೆಯಾಗಿದೆ. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ, ಗರಿಷ್ಠ 1,50,600ರಿಂದ 2,41,200ಕ್ಕೆ ಏರಿತು. ದ್ವಿತೀಯ ದರ್ಜೆ ಸಹಾಯಕರ ಶ್ರೇಣಿ 34,100 ರೂಪಾಯಿಯಿಂದ, ಪ್ರಥಮ ದರ್ಜೆ ಸಹಾಯಕರದು 44,425ರಿಂದ ಆರಂಭವಾಗುತ್ತದೆ. ಹಳೆಯ ಶ್ರೇಣಿಯ ಅಂಕಿ ಮತ್ತು ಹೊಸ ಶ್ರೇಣಿಯ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಸೇರಿಸಬಾರದು. ವರ್ಷದಿಂದ ವರ್ಷಕ್ಕೆ ಹೋಲಿಸುವವರು 2024ರ ಆಗಸ್ಟ್ ನಂತರದ ಬಿಲ್ಲುಗಳನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು.

ಮನೆ ಬಾಡಿಗೆ ಭತ್ಯೆಯ ಬಗ್ಗೆ ಕೊಡಗಿನವರು ಪ್ರತ್ಯೇಕವಾಗಿ ತಿಳಿದಿರಬೇಕು. ಅದು ಊರಿನ ಜನಸಂಖ್ಯೆಯನ್ನು ನೋಡಿ ನಿಗದಿಯಾಗುತ್ತದೆ: ಬೆಂಗಳೂರಿನಂತಹ ನಗರಕ್ಕೆ ಮೂಲ ವೇತನದ ಶೇ 20, ಮಧ್ಯಮ ಗಾತ್ರದ ನಗರಗಳಿಗೆ ಶೇ 15, ಉಳಿದ ಎಲ್ಲ ಊರುಗಳಿಗೆ ಶೇ 7.5. ಕೊಡಗಿನ ಎಲ್ಲ ಪಟ್ಟಣಗಳೂ ಈ ಕೊನೆಯ ವರ್ಗಕ್ಕೆ ಸೇರಿದವು. 34,100 ರೂಪಾಯಿ ಮೂಲ ವೇತನದ ಹೊಸ ಸಹಾಯಕಿಗೆ ಬೆಂಗಳೂರಿನಲ್ಲಿ 6,820 ರೂಪಾಯಿ ಬಾಡಿಗೆ ಭತ್ಯೆ ಸಿಕ್ಕರೆ ಮಡಿಕೇರಿಯಲ್ಲಿ ಸಿಗುವುದು 2,557 ರೂಪಾಯಿ. ಪ್ರವಾಸಿಗರಿಗೆ ಕೊಡುವ ಹೋಮ್‌ಸ್ಟೇಗಳ ನಡುವೆ ಬಾಡಿಗೆ ಮನೆ ಹುಡುಕಿದವರಿಗೆ ಈ 2,557 ರೂಪಾಯಿಯ ಬೆಲೆ ಏನೆಂದು ಗೊತ್ತು. ಜಿಲ್ಲೆಗೆ ಬಂದ ನೌಕರರು ನಿಯೋಜನೆಯ ಹಾದಿ ಹಿಡಿದು ಹೊರಗೆ ಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಾನು ಭಾವಿಸುತ್ತೇನೆ. ಎಲ್ಲರೂ ‘ಓಓಡಿ’ ಎನ್ನುವ ಈ ನಿಯೋಜನೆಯಿಂದ ಲೆಕ್ಕವೂ ಕೆಡುತ್ತದೆ: ಹುದ್ದೆ ಕೊಡಗಿನಲ್ಲಿ ಭರ್ತಿಯಾಗಿದೆ ಎಂದು ಕಾಣುತ್ತದೆ, ಸಂಬಳ ಇಲ್ಲಿಯ ಬಿಲ್ಲಿನಲ್ಲಿಯೇ ಆಗುತ್ತದೆ, ಕೆಲಸ ಮಾಡುವವರು ಮಾತ್ರ ಬೇರೆ ಜಿಲ್ಲೆಯಲ್ಲಿರುತ್ತಾರೆ. ಅವರನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ವೃಂದ ಹಿಡಿದು ಎಣಿಸದಿದ್ದರೆ ಲೆಕ್ಕವೇ ಇಲ್ಲ

ಇಡೀ ಕಚೇರಿಯ ಶೇಕಡಾವಾರು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಒಂದು ಕಾಲ್ಪನಿಕ ಕಚೇರಿಯ ಉದಾಹರಣೆ ತೆಗೆದುಕೊಳ್ಳೋಣ. ಸುಲಭವಾಗಲೆಂದು ಇಲ್ಲಿ ವೃಂದಗಳ ಬದಲು ಗ್ರೂಪುಗಳನ್ನು, ಅಂದರೆ ಮೇಲಿನ ಎ ಯಿಂದ ಕೆಳಗಿನ ಡಿ ವರೆಗಿನ ದರ್ಜೆಗಳನ್ನು, ಇಟ್ಟುಕೊಂಡಿದೆ. 40 ಕಾಯಂ ನೌಕರರು. ಗ್ರೂಪ್ ಎ ಹುದ್ದೆಗಳಲ್ಲಿ ಇಬ್ಬರು, ಇಬ್ಬರೂ ಗಂಡಸರು. ಗ್ರೂಪ್ ಬಿ ನಾಲ್ವರಲ್ಲಿ ಒಬ್ಬ ಮಹಿಳೆ. ಗ್ರೂಪ್ ಸಿ 22 ಜನರಲ್ಲಿ 9 ಮಹಿಳೆಯರು. ಗ್ರೂಪ್ ಡಿ 12 ಜನರಲ್ಲಿ 8 ಮಹಿಳೆಯರು. ಒಟ್ಟು 18 ಮಹಿಳೆಯರು, ಅಂದರೆ ಶೇ 45. ಕಾನೂನಿನ ಶೇ 33ಕ್ಕಿಂತ ಎಷ್ಟೋ ಮೇಲೆ. ಆದರೆ ಮೇಲಿನ ಎರಡು ಗ್ರೂಪುಗಳ ಆರು ಕುರ್ಚಿಗಳಲ್ಲಿ ಮಹಿಳೆ ಇರುವುದು ಒಂದರಲ್ಲಿ.

ಈಗ ಸಂಬಳ ಸೇರಿಸಿ. ಎ ಗ್ರೂಪಿನವರಿಗೆ ತಲಾ 90,000, ಬಿ ಗ್ರೂಪಿಗೆ 60,000, ಸಿ ಗ್ರೂಪಿಗೆ 45,000, ಡಿ ಗ್ರೂಪಿಗೆ 30,000 ಎಂದು ಇಟ್ಟುಕೊಳ್ಳೋಣ. ಒಂದು ಗ್ರೂಪಿನೊಳಗೆ ಹೆಣ್ಣು ಗಂಡಿನ ನಡುವೆ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಹೀಗಿದ್ದರೂ ಗಂಡಸರ ಸರಾಸರಿ ಸುಮಾರು 48,400 ರೂಪಾಯಿ, ಹೆಂಗಸರದು ಸುಮಾರು 39,200. ಗಂಡಸಿನ 100 ರೂಪಾಯಿಗೆ ಹೆಂಗಸಿನ 81. ಸಂಬಳವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಮೊತ್ತವನ್ನು ನೋಡಿದರೆ ಇಬ್ಬರದೂ 45,000ವೇ ಆಗಿ ಅಂತರ ಕಾಣದಂತಾಗುತ್ತದೆ. ಅದೇ ಕಚೇರಿಯಲ್ಲಿ 15,000 ರೂಪಾಯಿಗೆ ದುಡಿಯುವ 10 ಹೊರಗುತ್ತಿಗೆಯವರಿದ್ದು ಅವರಲ್ಲಿ 8 ಮಂದಿ ಹೆಂಗಸರಾಗಿದ್ದರೆ, ಅವರನ್ನೂ ಸೇರಿಸಿದ ಕೂಡಲೇ ಮಹಿಳೆಯರ ಪಾಲು ಶೇ 52ಕ್ಕೆ ಏರುತ್ತದೆ, 100ಕ್ಕೆ 81 ಇದ್ದದ್ದು 100ಕ್ಕೆ 70ರ ಸಮೀಪಕ್ಕೆ ಇಳಿಯುತ್ತದೆ, ನಡುವಿನ ಮೊತ್ತ ಗಂಡಸರಿಗೆ 45,000ವೇ ಉಳಿದು ಹೆಂಗಸರಿಗೆ 30,000 ಆಗುತ್ತದೆ. ಸಂಖ್ಯೆ ಹೆಚ್ಚಿದಂತೆ ಸಂಬಳ ಇಳಿಯುವುದನ್ನು ಇಲ್ಲಿ ಗಮನಿಸಬೇಕು. ಆದ್ದರಿಂದ ಸರಾಸರಿ, ನಡುವಿನ ಮೊತ್ತ ಎರಡನ್ನೂ, ಹೊರಗುತ್ತಿಗೆಯವರನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ, ಒಟ್ಟು ನಾಲ್ಕು ಸಲ ಲೆಕ್ಕ ಹಾಕಿ. ನಡುವಿನ ಮೊತ್ತಕ್ಕೆ ಪ್ರತಿಯೊಬ್ಬರ ಸಂಬಳ ಬೇಕಾಗುವುದರಿಂದ ಹೆಸರಿನ ಕಾಲಂ ಮುಚ್ಚಿದ ವೇತನ ಬಿಲ್ಲಿನ ಪ್ರತಿಯನ್ನು ಕೇಳಬಹುದು.

ವೃಂದವಾರು ಎಣಿಕೆಗೆ ನ್ಯಾಯಾಲಯದ ಬಲವೂ ಇದೆ. ಕರ್ನಾಟಕದ ಬಡ್ತಿ ಮೀಸಲಾತಿ ಕಾನೂನನ್ನು ಬಿ.ಕೆ. ಪವಿತ್ರಾ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ರಾಜ್ಯ ಸರ್ಕಾರ ಕೆ. ರತ್ನಪ್ರಭಾ ಸಮಿತಿಯ ಮೂಲಕ ಪರಿಶಿಷ್ಟರ ಪ್ರಾತಿನಿಧ್ಯದ ಅಂಕಿಗಳನ್ನು ಸಂಗ್ರಹಿಸಿತು. ಆ ಅಂಕಿಗಳ ಆಧಾರದ ಮೇಲೆ ಬಂದ ಹೊಸ ಕಾನೂನನ್ನು 2019ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. 2022ರ ಜರ್ನೈಲ್ ಸಿಂಗ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಪ್ರಾತಿನಿಧ್ಯದ ದತ್ತಾಂಶವನ್ನು ಸಂಗ್ರಹಿಸಬೇಕಾದ ಘಟಕ ವೃಂದವೇ ಹೊರತು ಇಡೀ ಸೇವೆಯಾಗಲಿ ಗ್ರೂಪ್ ಆಗಲಿ ಅಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಬಡ್ತಿಯಲ್ಲಿ ಮಹಿಳೆಯರಿಗೆ ಮೀಸಲಾತಿಯಿಲ್ಲ. ಹೀಗಾಗಿ ಸೇವೆಗೆ ಸೇರಿದ ದಿನಾಂಕ ಮತ್ತು ಈಗಿನ ವೃಂದಕ್ಕೆ ಬಂದ ದಿನಾಂಕಗಳ ನಡುವಿನ ವರ್ಷಗಳನ್ನು ಹೆಣ್ಣು ಗಂಡು ಇಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಿದರೆ ಮೆಟ್ಟಿಲು ಎಲ್ಲಿ ಕಡಿದಾಗಿದೆ ಎಂಬುದು ಕಾಣುತ್ತದೆ.

ಹಾಜರಿ ಪುಸ್ತಕದ ಹೊರಗಿನವರು

ಆಶ್ರಮ ಶಾಲೆಯ ಅಡುಗೆಯವರು, ವಿದ್ಯಾರ್ಥಿನಿಲಯದ ಕಾವಲುಗಾರರು, ಆಸ್ಪತ್ರೆಯ ಡಿ ಗ್ರೂಪ್ ಕೆಲಸದವರು, ಡೇಟಾ ಎಂಟ್ರಿಯವರು, ಅತಿಥಿ ಶಿಕ್ಷಕರು, ಅರಣ್ಯದಲ್ಲಿ ಬೆಂಕಿ ಕಾಯುವ ದಿನಗೂಲಿಗಳು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು, ಆಶಾ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು ಇವರಲ್ಲಿ ಯಾರೂ ಜ್ಯೇಷ್ಠತಾ ಪಟ್ಟಿಯಲ್ಲಿಲ್ಲ. ಕೊನೆಯ ಮೂರು ಗುಂಪಿನವರು ಬಹುಮಟ್ಟಿಗೆ ಮಹಿಳೆಯರೇ, ಮತ್ತು ಅವರಿಗೆ ಸಿಗುವುದನ್ನು ಸರ್ಕಾರ ಸಂಬಳ ಎಂದು ಕರೆಯದೆ ಗೌರವಧನ, ಪ್ರೋತ್ಸಾಹಧನ ಎಂದು ಕರೆಯುತ್ತದೆ. ದುಬಾರೆ, ಮತ್ತಿಗೋಡು ಆನೆ ಶಿಬಿರಗಳಲ್ಲಿ ಮಾವುತರಾಗಿ, ಕಾವಾಡಿಗಳಾಗಿ ಜೇನುಕುರುಬರು ತಲೆಮಾರುಗಳಿಂದ ದುಡಿಯುತ್ತಿದ್ದಾರೆ. ಅರಣ್ಯ ಇಲಾಖೆಯ ಲೆಕ್ಕ ತೆಗೆಯುವವರು ಅವರಲ್ಲಿ ಕಾಯಂ ಆದವರೆಷ್ಟು, ಆಗದವರೆಷ್ಟು, ಇಬ್ಬರ ಸಂಬಳದ ನಡುವಿನ ಅಂತರವೆಷ್ಟು ಎಂಬುದನ್ನು ತಪ್ಪದೆ ಕೇಳಬೇಕು. ಆನೆಯನ್ನು ನೋಡಿಕೊಳ್ಳುವ ಕೆಲಸ ಇಬ್ಬರಿಗೂ ಒಂದೇ.

ತಾತ್ಕಾಲಿಕ ನೌಕರರು ಕಾಯಂ ನೌಕರರಂತೆಯೇ ಅದೇ ಕರ್ತವ್ಯಗಳನ್ನು ನಿರ್ವಹಿಸುತ್ತಿದ್ದರೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನಕ್ಕೆ ಅರ್ಹರು ಎಂದು ಪಂಜಾಬ್ ಸರ್ಕಾರ ವಿರುದ್ಧ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಇದನ್ನು ಕಾಯಂಗೊಳಿಸುವ ಹಕ್ಕಿನೊಂದಿಗೆ ಬೆರೆಸಬಾರದು. ಸುಮ್ಮನೆ ಸೇವೆ ಮುಂದುವರಿದ ಮಾತ್ರಕ್ಕೆ ಕಾಯಮಾತಿ ಸಿಗುವುದಿಲ್ಲ ಎಂಬುದು ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದ 2006ರ ತೀರ್ಪು. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಉಪದಾನಕ್ಕೆ (ಗ್ರಾಚ್ಯುಟಿಗೆ) ಅರ್ಹರು ಎಂದು 2022ರ ಏಪ್ರಿಲ್‌ನಲ್ಲಿ ಬಂದ ತೀರ್ಪೂ ಇದೆ. ರಾಜ್ಯ ಸರ್ಕಾರ 2024ರ ಮೇ ತಿಂಗಳಿನಲ್ಲಿ ಹೊರಗುತ್ತಿಗೆ ನೇಮಕದಲ್ಲಿಯೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಇರಬೇಕು ಎಂದು ಸೂಚಿಸಿದೆ. ನಿಮ್ಮ ಎರಡನೆಯ ಅರ್ಜಿಯಲ್ಲಿ ಈ ಸೂಚನೆಯ ಪಾಲನಾ ವರದಿಯನ್ನೂ ಕೇಳಿ.

ಪ್ರಕಟಿಸುವ ಮೊದಲು

ಕೊಡಗು ಚಿಕ್ಕ ಜಿಲ್ಲೆ. ‘ಒಂದು ತಾಲ್ಲೂಕಿನ ಒಂದು ಕಚೇರಿಯ ಗ್ರೂಪ್ ಸಿ ವೃಂದದಲ್ಲಿ ಯರವ ಸಮುದಾಯದ ಒಬ್ಬ ಮಹಿಳೆ, ಮೂಲ ವೇತನ ಇಷ್ಟು’ ಎಂದು ಬರೆದರೆ ಹೆಸರು ಬರೆಯದೆಯೂ ಹೆಸರು ಹೇಳಿದಂತೆಯೇ. ಯಾವುದೇ ಕೋಷ್ಟಕದ ಮನೆಯಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಅದನ್ನು ಪಕ್ಕದ ವೃಂದದೊಂದಿಗೆ ಸೇರಿಸಿ ಅಥವಾ ತಾಲ್ಲೂಕಿನ ಬದಲು ಜಿಲ್ಲೆಯ ಅಂಕಿಯಾಗಿ ತೋರಿಸಿ. ಅಂಗವೈಕಲ್ಯ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಇದು ಕಡ್ಡಾಯ. ಸೊನ್ನೆಯನ್ನು ಮಾತ್ರ ಮರೆಮಾಡಬೇಕಾಗಿಲ್ಲ. ಒಂದು ವೃಂದದಲ್ಲಿ ಹಾಡಿಯಿಂದ ಬಂದವರು ಸೊನ್ನೆ ಎಂದು ಬರೆದರೆ ಯಾರ ಗುಟ್ಟೂ ಬಯಲಾಗುವುದಿಲ್ಲ.

ಸೇವಾ ಪುಸ್ತಕದಲ್ಲಿ ಇಲ್ಲದ ಒಂದು ಕಾಲಂ ಬಗ್ಗೆಯೂ ಹೇಳಬೇಕು. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳ, ತುಳು, ಬ್ಯಾರಿ ಮಾತನಾಡುವ ಜನ ಬಂದು ನಿಲ್ಲುವ ಕೌಂಟರಿನ ಆಚೆಗೆ ಅವರ ಮಾತು ಬಲ್ಲವರು ಎಷ್ಟಿದ್ದಾರೆ ಎಂಬುದು ಯಾವ ತಃಖ್ತೆಯಲ್ಲೂ ಸಿಗುವುದಿಲ್ಲ. ಸಿಬ್ಬಂದಿಯನ್ನೇ ವಿನಯದಿಂದ ಕೇಳಿ, ಅವರು ಇಷ್ಟಪಟ್ಟು ಹೇಳಿದರೆ ಗುರುತು ಹಾಕಿಕೊಂಡು, ಅಧಿಕೃತ ಅಂಕಿಗಳಿಂದ ಪ್ರತ್ಯೇಕವಾಗಿ ಇರಿಸಿ.

ಲೆಕ್ಕ ಮುಗಿದ ಮೇಲೆ ಕರಡನ್ನು ಮೊದಲು ಆ ಕಚೇರಿಯ ಮುಖ್ಯಸ್ಥರಿಗೆ ಕೊಟ್ಟು ತಪ್ಪಿದ್ದರೆ ತೋರಿಸಲು ಎರಡು ವಾರಗಳ ಅವಕಾಶ ಕೊಡಿ. ನೌಕರರನ್ನು ವಿರೋಧಿಗಳಾಗಿ ಕಾಣಬೇಡಿ. ಬಿಲ್ಲು ಬರೆಯುವ ಗುಮಾಸ್ತರಿಗೆ ಗೊತ್ತಿರುವಷ್ಟು ಸತ್ಯ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬಳಿಕ ಕೆಡಿಪಿ ಸಭೆಗೆ, ವಿಷಯಕ್ಕೆ ತಕ್ಕಂತೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗಕ್ಕೆ ಅಥವಾ ಮಹಿಳಾ ಆಯೋಗಕ್ಕೆ ಸಲ್ಲಿಸಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲಕಾರಿಯಾದ ದಾರಿ ವಿಧಾನಸಭೆ. ಜಿಲ್ಲೆಯಲ್ಲಿ ಮಡಿಕೇರಿ, ವಿರಾಜಪೇಟೆ ಎಂದು ಎರಡು ಕ್ಷೇತ್ರಗಳಿವೆ. ನಿಮ್ಮ ಶಾಸಕರು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಇದನ್ನೇ ಕೇಳಿದರೆ ಇಲಾಖೆಯ ಸಚಿವರು ಸದನಕ್ಕೆ ಲಿಖಿತ ಉತ್ತರವನ್ನು ಅನುಬಂಧದ ಸಮೇತ ಕೊಡಬೇಕಾಗುತ್ತದೆ. ಪ್ರಶ್ನೆಯ ಕರಡನ್ನು ವೃಂದವಾರು ಕಾಲಂಗಳೊಂದಿಗೆ ನೀವೇ ಬರೆದು ಕೊಡಿ, ಇಲ್ಲವಾದರೆ ಉತ್ತರ ಒಟ್ಟು ಶೇಕಡಾವಾರಿನಲ್ಲಿ ಬಂದುಬಿಡುತ್ತದೆ. ಮರುವರ್ಷದ ಎಣಿಕೆಯನ್ನು ಅದೇ ಸೆಪ್ಟೆಂಬರ್ 30ಕ್ಕೆ, ಅದೇ ವೃಂದಗಳ ಪಟ್ಟಿಯೊಂದಿಗೆ ಮಾಡಿ. ಮೇ, ಜೂನ್ ತಿಂಗಳ ವರ್ಗಾವಣೆಯ ಗಡಿಬಿಡಿಯಲ್ಲಿ ತೆಗೆದ ಅಂಕಿ ಯಾವ ವರ್ಷದ ಅಂಕಿಗೂ ಹೊಂದುವುದಿಲ್ಲ.